ಮಡಿಕೇರಿ ಅಂಗಡಿಯ ಉಪ್ಪುಕಂಡ

ನಮ್ಮ ಅತ್ತೆ ನಾಲ್ಕು ದಿನ ಬಿಸಿಲಿಗೆ ಕಟ್ಟಿ ಒಣಗಿಸಿದ ಉಪ್ಪುಕಂಡವನ್ನು ನಾನು ಮಡಿಕೇರಿಯ ಅಂಗಡಿಯಿಂದ ತರಿಸಿದ್ದು ಎಂದು ಐದು ಜನರ ಮುಂದೆ ಹೇಳಿದೆ. ಹಾಗೆ ಹೇಳೆಂದು ಯಾರೂ ನನ್ನ ಕುತ್ತಿಗೆ ಮೇಲೆ ಕೂತಿರಲಿಲ್ಲ. ನಿಜ ಹೇಳಿದ್ದರೂ ಆ ಐವರಲ್ಲಿ ಒಬ್ಬರೂ ಮುಖ ಸಿಂಡರಿಸುತ್ತಿರಲಿಲ್ಲ ಎಂದು ಈಗ ಗೊತ್ತು. ಇದು ನಡೆದು ಎರಡು ವರ್ಷವಾಯಿತು. ಸಾರಿಗೆ ಒಗ್ಗರಣೆ ಹಾಕುವಾಗಲೋ ಮಕ್ಕಳ ನೋಟ್‌ಬುಕ್ಕು ತಿದ್ದುವಾಗಲೋ ಅದು ತಟ್ಟನೆ ನೆನಪಾಗುತ್ತದೆ, ಕಿವಿ ಬಿಸಿಯಾಗುತ್ತದೆ.

ನಾನು ಹುಣಸೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಗಣಿತದ ಟೀಚರು. ತೌರು ಕೆ.ಆರ್. ನಗರದ ಹತ್ತಿರ ನಾಲೆ ನೀರಿನ ಊರು. ಮದುವೆಯಾಗಿ ಬಂದದ್ದು ಗುರುಪುರದ ಕಡೆಯ ಒಕ್ಕಲು ಮನೆಗೆ. ಜಮೀನನ್ನು ಮೈದುನ ನೋಡಿಕೊಳ್ಳುತ್ತಾನೆ. ನಮ್ಮ ಮನೆಯವರು ಹುಣಸೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಅತ್ತೆಗೆ ಮಂಡಿನೋವು ಜಾಸ್ತಿಯಾದ ಮೇಲೆ, ಡಾಕ್ಟರು ಹತ್ತಿರವಿರಲಿ ಎಂದು ನಾವೇ ಅವರನ್ನು ನಮ್ಮ ಜೊತೆ ಕರೆದುಕೊಂಡು ಬಂದೆವು. ಬರುವಾಗ ಅವರು ಒಂದು ಟ್ರಂಕು, ಅರ್ಧ ಮೂಟೆ ರಾಗಿ ಮತ್ತು ಮುಚ್ಚಳಕ್ಕೆ ಬಟ್ಟೆ ಕಟ್ಟಿದ ಒಂದು ಅಲ್ಯೂಮಿನಿಯಂ ಡಬ್ಬ ತಂದರು. ಡಬ್ಬದಲ್ಲಿ ಉಪ್ಪುಕಂಡ ಇತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರಲ್ಲಿ ಮರಿ ಕುಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರಲ್ಲ, ಆ ಬಾಡಿನಲ್ಲಿ ಉಳಿದದ್ದನ್ನು ಅತ್ತೆ ಉದ್ದುದ್ದ ಸೀಳುತ್ತಿದ್ದರು. ಉಪ್ಪು, ಅರಿಶಿನ, ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ ಹಚ್ಚಿ ನೆನೆಸಿಟ್ಟು, ದಬ್ಬಳದಲ್ಲಿ ದಾರಕ್ಕೆ ಪೋಣಿಸಿ ತಾರಸಿಯ ಮೇಲೆ ಕಟ್ಟುತ್ತಿದ್ದರು. ಕಾಗೆ ಬಾರದ ಹಾಗೆ ಹಳೆಯ ತೆಳು ಪಂಚೆಯೊಂದನ್ನು ಮೇಲೆ ಹೊದಿಸುತ್ತಿದ್ದರು. ದಿನವೂ ಸಂಜೆ ಒಳಗೆ ತಂದು, ಬೆಳಿಗ್ಗೆ ಮತ್ತೆ ಮೇಲೆ. ಆ ಮಂಡಿನೋವಿನಲ್ಲಿ ಹದಿನೇಳು ಮೆಟ್ಟಿಲು. ಕಡ್ಡಿಯ ಹಾಗೆ ಸೆಟೆದ ಮೇಲೆ ಡಬ್ಬಕ್ಕೆ ತುಂಬಿಟ್ಟರೆ ಮಳೆಗಾಲ ಪೂರ್ತಿ ಬರುತ್ತಿತ್ತು. ಮುದ್ದೆ, ಹುರುಳಿ ಸಾರಿನ ದಿನ ಒಂದೆರಡು ತುಂಡು ಕೆಂಡದ ಮೇಲೆ ಸುಟ್ಟು, ಜಜ್ಜಿ, ಈರುಳ್ಳಿ ಹಾಕಿ ಹುರಿದುಕೊಟ್ಟರೆ ನಮ್ಮ ಮನೆಯವರು ಎರಡು ಮುದ್ದೆ ನುಂಗುತ್ತಿದ್ದರು. ನಾನೂ ತಿನ್ನುತ್ತಿದ್ದೆ, ಇಷ್ಟಪಟ್ಟೇ ತಿನ್ನುತ್ತಿದ್ದೆ. ಆದರೆ ತಾರಸಿಯಲ್ಲಿ ಅದು ನೇತಾಡುತ್ತಿದ್ದ ದಿನಗಳಲ್ಲಿ ಶಾಲೆಯವರು ಯಾರೂ ಮನೆ ಕಡೆ ಬರದಿರಲಿ ಎಂದು ದೇವರಿಗೆ ಬೇಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಹೊರಡುವ ಮುಂಚೆ ಸೀರೆಯ ಸೆರಗು ಮೂಗಿಗೆ ಹಿಡಿದು ವಾಸನೆ ನೋಡಿಕೊಳ್ಳುತ್ತಿದ್ದೆ.

ಆ ವರ್ಷ ನಮ್ಮ ಶಾಲೆಗೆ ಹೊಸ ಹೆಡ್‌ಮಿಸ್ ಬಂದಿದ್ದರು. ಮೈಸೂರಿನವರು, ನನಗಿಂತ ಐದಾರು ವರ್ಷ ದೊಡ್ಡವರು. ಜೂನ್ ತಿಂಗಳಲ್ಲಿ ಒಂದು ಭಾನುವಾರ ನಮ್ಮನ್ನೆಲ್ಲ ಮೈಸೂರಿನ ತಮ್ಮ ಮನೆಗೆ ಕಾಫಿಗೆ ಕರೆದರು. ಹೋಗಿ ಕೂತರೆ ಟೀಪಾಯಿಯ ಮೇಲೆ ಒಂದು ಮರದ ಹಲಗೆ ತಂದಿಟ್ಟರು. ಅದರ ಮೇಲೆ ಚೀಸಿನ ತುಂಡುಗಳು, ದ್ರಾಕ್ಷಿ, ಬಾದಾಮಿ, ಬಿಸ್ಕತ್ತು, ಕಾಗದದಷ್ಟು ತೆಳ್ಳಗೆ ಹೆಚ್ಚಿ ಗುಲಾಬಿಯ ಹಾಗೆ ಸುತ್ತಿದ ಒಣಮಾಂಸ. ಒಂದು ಅಂಗುಲವೂ ಹಲಗೆ ಕಾಣದ ಹಾಗೆ ಜೋಡಿಸಿದ್ದರು. ಅದಕ್ಕೊಂದು ಫ್ರೆಂಚ್ ಹೆಸರಿತ್ತು. ಅವರು ಅದನ್ನು ಶಾರ್ಕುಟ್ರಿ ಎಂದರು. ಎಲ್ಲರೂ ಫೋಟೋ ತೆಗೆದರು. ನಾನೂ ತೆಗೆದೆ. ಆಮೇಲೆ ಕಪ್ಪು ದ್ರಾಕ್ಷಿ ಎಂದುಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡೆ. ಅದು ಉಪ್ಪುಪ್ಪು, ಕಹಿ, ಒಳಗೆ ಬೀಜ ಬೇರೆ. ಉಗುಳಲು ಜಾಗವಿಲ್ಲದೆ ಕರ್ಚೀಫಿನಲ್ಲಿ ಮುಚ್ಚಿಟ್ಟುಕೊಂಡೆ. ಮನೆಗೆ ಬರುವ ಬಸ್ಸಿನಲ್ಲಿ ಅದು ಆಲಿವ್ ಎಂದು ಮೊಬೈಲು ನೋಡಿ ತಿಳಿದುಕೊಂಡೆ.

ಹೊರಡುವಾಗ, ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಮುಂದಿನ ಸಲ ನಮ್ಮ ಮನೆಗೆ ಬನ್ನಿ ಮೇಡಂ ಎಂದುಬಿಟ್ಟೆ. ಅವರು ಅಲ್ಲೇ ಮೊಬೈಲು ತೆಗೆದು ಜುಲೈ ತಿಂಗಳ ಒಂದು ಶನಿವಾರ ಗೊತ್ತುಮಾಡಿಕೊಂಡರು.

ಅಲ್ಲಿಂದ ಮುಂದೆ ಒಂದು ತಿಂಗಳು ನನಗೆ ಅದೇ ಧ್ಯಾನ. ಮೊಬೈಲಿನಲ್ಲಿ ಹಲಗೆ ಜೋಡಿಸುವ ವೀಡಿಯೋಗಳು ಸಾಲುಸಾಲಾಗಿ ಬರುತ್ತಿದ್ದವು. ಅಡುಗೆಮನೆಯಲ್ಲಿ ಇರುವುದರಲ್ಲೇ ಚಂದವಾಗಿ ಜೋಡಿಸಬಹುದು ಎಂದು ಒಬ್ಬಾಕೆ ತೋರಿಸಿದ್ದಳು. ಮೊದಲು ಸಣ್ಣ ಬಟ್ಟಲುಗಳನ್ನು ಇಡಬೇಕು, ಅವುಗಳ ಸುತ್ತ ದೊಡ್ಡ ತಿನಿಸು, ಆಮೇಲೆ ಹಣ್ಣು, ಕೊನೆಗೆ ಉಳಿದ ಸಂದಿಗೆಲ್ಲ ಕಾಳು ಬೀಜ ತುಂಬಬೇಕು. ನಾನು ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಕ್ಷೆ ಬರೆದುಕೊಂಡೆ. ನಮ್ಮ ಮನೆಯವರು ಸಾಮಿಲ್ಲಿನಿಂದ ಹಲಸಿನ ಮರದ ಒಂದು ತುಂಡು ಹಲಗೆ ಉಜ್ಜಿಸಿಕೊಂಡು ಬಂದರು. ಅತ್ತೆ ಅದನ್ನು ಹುಣಸೆಹಣ್ಣಿನಲ್ಲಿ ತೊಳೆದು, ಎರಡು ದಿನ ಕಡಲೆಕಾಯಿ ಎಣ್ಣೆ ತಿಕ್ಕಿದರು. ಹಲಗೆ ಅರಿಶಿನದ ಬಣ್ಣಕ್ಕೆ ಬಂತು. ಎಲೆ, ತಟ್ಟೆ ಇರುವಾಗ ಮರದ ಮೇಲೆ ಯಾಕೆ ಬಡಿಸುತ್ತೀ ಎಂದು ಅವರು ಒಂದೇ ಒಂದು ಸಲ ಕೇಳಿದರು. ಮೇಡಂ ಮನೆಯಲ್ಲಿ ಹಾಗೆ ಎಂದೆ. ಸರಿ ಎಂದು ಕೋಡುಬಳೆಗೆ ಅಕ್ಕಿ ನೆನೆಹಾಕಲು ಹೋದರು. ನಾನು ಹೇಳದೆಯೇ ಕೋಡುಬಳೆ, ನಿಪ್ಪಟ್ಟು, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಅವರೇ ಮಾಡಿದರು. ಸೊಸೆಯ ಶಾಲೆಯವರು ಮನೆಗೆ ಬರುತ್ತಾರೆ ಎಂಬ ಹಿಗ್ಗು ಅವರಿಗೆ.

ಚೀಸಿಗಾಗಿ ನಾವಿಬ್ಬರೂ ಬೈಕಿನಲ್ಲಿ ಬೈಲಕುಪ್ಪೆಯವರೆಗೂ ಹೋದೆವು. ಅಲ್ಲಿ ಅಂಗಡಿಯ ಟಿಬೆಟಿನ ಹೆಂಗಸು ದಾರಕ್ಕೆ ಪೋಣಿಸಿದ ಕಲ್ಲಿನಂಥ ಚೀಸಿನ ಚೌಕಗಳನ್ನು ತೋರಿಸಿ, ಇದನ್ನು ಬಾಯಲ್ಲಿಟ್ಟುಕೊಂಡರೆ ಮಧ್ಯಾಹ್ನದವರೆಗೂ ಕರಗೋದಿಲ್ಲ ಅಕ್ಕ, ನೆಂಟರಿಗೆ ಕೊಟ್ಟರೆ ಬೈಕೊಳ್ತಾರೆ ಎಂದು ನಮ್ಮಷ್ಟೇ ಸಲೀಸಾದ ಕನ್ನಡದಲ್ಲಿ ಹೇಳಿ ನಕ್ಕಳು. ಬರಿಗೈಯಲ್ಲಿ ಬಂದೆವು. ಏನು ಸಿಗಲಿಲ್ಲ ಎಂದು ಅತ್ತೆ ಕೇಳಿದಾಗ ಚೀಸು ಅಂದರೇನು ಎಂದು ಹೇಳಬೇಕಾಯಿತು. ಗಿಣ್ಣಿನ ತರ ಇರುತ್ತದೆ ಅತ್ತೆ, ಹಾಲಿನದೇ, ಆದರೆ ಉಪ್ಪು ಎಂದೆ. ಕೊನೆಗೆ ಪೇಟೆಯಲ್ಲಿ ಸಿಗುವ ಪನೀರನ್ನೇ ಹೆಚ್ಚಿಡುವುದೆಂದು ತೀರ್ಮಾನಿಸಿದೆ.

ಅತ್ತೆ ಆಗಲೇ ಹೇಳಿದ್ದರು.

“ಉಪ್ಪುಕಂಡ ಮಡುಗು ಮಗ. ಬಂದೋರು ಬಾಯಿ ಚಪ್ಪರಿಸ್ಕೊಂಡು ತಿಂತಾರೆ.”

ಬೇಡ ಅತ್ತೆ ಎಂದೆ. ಬರುವವರಲ್ಲಿ ಇಬ್ಬರು ಮಾಂಸ ತಿನ್ನುವುದಿಲ್ಲ, ವಾಸನೆ ಬರುತ್ತದೆ, ಅವರಿಗೆಲ್ಲ ಇದು ಗೊತ್ತಿಲ್ಲ ಎಂದು ಒಂದರ ಮೇಲೊಂದು ಕಾರಣ ಕೊಟ್ಟೆ. ಅವರು ಅಂಗೋ ಎಂದರು. ಅಷ್ಟಕ್ಕೇ ನಾನು ಬಿಡಲಿಲ್ಲ. ಶನಿವಾರ ಹತ್ತಿರ ಬಂದ ಹಾಗೆಲ್ಲ ಅತ್ತೆಯೂ ಆ ಸಂಜೆ ಹಜಾರದಲ್ಲಿ ಇರುತ್ತಾರಲ್ಲ ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಅವರು ಎಲೆ ಅಡಿಕೆ ಹಾಕುತ್ತಾರೆ. ಕಾಲು ಚಾಚಿ ನೆಲದ ಮೇಲೆ ಕೂರುತ್ತಾರೆ. ಯಾರೇ ಬರಲಿ, ಯಾವೂರವ್ವ ನಿಂದು, ಎಷ್ಟು ಮಕ್ಕಳು ಎಂದು ಶುರುಮಾಡುತ್ತಾರೆ. ಗುರುವಾರ ಸಂಜೆ ನಾನು, ಕಂಪಲಾಪುರದ ಮಗಳ ಮನೆಗೆ ಹೋಗಿ ಎಷ್ಟು ದಿನವಾಯಿತು, ಹಸು ಬೇರೆ ಇವತ್ತೋ ನಾಳೆಯೋ ಈಯುವ ಹಾಗಿದೆಯಂತೆ, ಎರಡು ದಿನ ಇದ್ದು ಬನ್ನಿ, ಇಲ್ಲಿ ಗಲಾಟೆಯಲ್ಲಿ ನಿಮಗೂ ಕಷ್ಟ ಎಂದೆ. ಅವರು ಟ್ರಂಕಿನಿಂದ ಒಂದು ಸೀರೆ ತೆಗೆದು ಚೀಲಕ್ಕೆ ಹಾಕಿಕೊಂಡರು. ಶುಕ್ರವಾರ ಬೆಳಿಗ್ಗೆ ನಾನೇ ಬಸ್ಸು ಹತ್ತಿಸಿ ಬಂದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಜೋಡಿಸಲು ಕೂತೆ. ಮೂರು ಬಟ್ಟಲು ಇಟ್ಟೆ. ನೆಲ್ಲಿಕಾಯಿ ಉಪ್ಪಿನಕಾಯಿ, ಚಟ್ನಿಪುಡಿಗೆ ತುಪ್ಪ ಕಲಸಿದ್ದು, ಕೋಟೆ ತಾಲ್ಲೂಕಿನ ಕಾಡು ಜೇನು. ಕೋಡುಬಳೆಗಳನ್ನು ಸರಪಳಿಯ ಹಾಗೆ ಒಂದಕ್ಕೊಂದು ಒರಗಿಸಿದೆ. ನಿಪ್ಪಟ್ಟು, ಬೇಕರಿಯ ಖಾರದ ಬಿಸ್ಕತ್ತು, ಸೀಬೆಹಣ್ಣಿನ ಹೋಳು, ಸೌತೆಕಾಯಿ ಬಿಲ್ಲೆ, ಕರಿದ ಮಜ್ಜಿಗೆ ಮೆಣಸಿನಕಾಯಿ, ಕೊಬ್ಬರಿ ಚೂರು, ಅಚ್ಚುಬೆಲ್ಲದ ತುಂಡು, ಹುರಿದ ಕಡಲೆಕಾಯಿ ಬೀಜ. ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಬಲಗಡೆ ಒಂದು ಅಂಗೈಯಗಲ ಜಾಗ ಖಾಲಿ ಉಳಿಯಿತು. ನಕ್ಷೆಯಲ್ಲಿ ಅಲ್ಲಿ ಮಾಂಸ ಎಂದು ಬರೆದು ಹೊಡೆದುಹಾಕಿದ್ದೆ. ಅಲ್ಲಿಗೆ ಪನೀರು ಇಟ್ಟೆ, ಬಾಳೆಹಣ್ಣು ಇಟ್ಟೆ, ತೆಗೆದೆ. ಏನಿಟ್ಟರೂ ಹೆಡ್‌ಮಿಸ್ಸಿನ ಹಲಗೆಯ ಮುಂದೆ ಇದು ಸತ್ಯನಾರಾಯಣ ಪೂಜೆಯ ತಟ್ಟೆಯ ಹಾಗೆ ಕಂಡಿತು.

ಅಟ್ಟದ ಮೇಲಿನ ಡಬ್ಬ ಇಳಿಸಿ ಬಟ್ಟೆ ಬಿಚ್ಚಿದೆ. ನಾಲ್ಕು ತುಂಡು ತೆಗೆದು, ಬಿಸಿನೀರಿನಲ್ಲಿ ಸ್ವಲ್ಪ ಮೆತ್ತಗಾಗಿಸಿ, ಎಳೆಗೆ ಅಡ್ಡಲಾಗಿ ಆದಷ್ಟು ತೆಳ್ಳಗೆ ಹೆಚ್ಚಿ, ತುಪ್ಪ ಮೆಣಸಿನಪುಡಿಯಲ್ಲಿ ಬಾಡಿಸಿದೆ. ವೀಡಿಯೋದಲ್ಲಿ ತೋರಿಸಿದ ಹಾಗೆ ಲೋಟದ ಬಾಯಿಗೆ ಸುತ್ತಿ ಗುಲಾಬಿ ಮಾಡಲು ನೋಡಿದೆ, ನಿಲ್ಲಲಿಲ್ಲ. ವೀಳ್ಯದೆಲೆ ಕವಳಿಗೆಯ ಹಾಗೆ ಒಂದರ ಮೇಲೊಂದು ಜಾರಿಸಿ ಇಟ್ಟೆ. ತಿನ್ನದವರ ಕಡೆಗೆ ತಾಗದಂತೆ ನಡುವೆ ಸೌತೆಕಾಯಿಯ ಒಂದು ಗೋಡೆ ಕಟ್ಟಿದೆ. ಆಗ ಹಲಗೆ ತುಂಬಿತು. ಅಗರಬತ್ತಿ ಹಚ್ಚಿ ಕಿಟಕಿಗಳನ್ನೆಲ್ಲ ತೆರೆದೆ.

ನಾಲ್ಕು ಗಂಟೆಗೆ, ನಮ್ಮ ಮನೆಯವರು ಅಂಗಡಿಯಲ್ಲಿರುವಾಗ, ಹೆಡ್‌ಮಿಸ್ಸೂ ನಾಲ್ವರು ಟೀಚರುಗಳೂ ಬಂದರು. ಹೊರಗೆ ಸೋನೆ ಹಿಡಿದಿತ್ತು. ಹಲಗೆ ತಂದಿಟ್ಟಾಗ ಅವರ ಬಾಯಿಂದ ಬಂದ ಉದ್ಗಾರ ಕೇಳಿ ನನ್ನ ತಿಂಗಳ ಒದ್ದಾಟ ಸಾರ್ಥಕ ಅನ್ನಿಸಿತು. ಫೋಟೋಗಳಾದವು. ಇದೆಲ್ಲ ಮನೆಯದೇನಾ ಎಂದರೆ ಹೌದು ಎಂದೆ, ಯಾರು ಮಾಡಿದ್ದು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಡ್‌ಮಿಸ್ ಉಪ್ಪುಕಂಡದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದರು. ಇನ್ನೊಂದು ತೆಗೆದುಕೊಂಡರು.

“ಇದು ತುಂಬಾ ಚೆನ್ನಾಗಿದೆ. ಎಲ್ಲಿಂದ ತರಿಸಿದ್ರಿ?”

ತರಿಸಿದ್ದು ಎಂದು ಅವರೇ ಅಂದುಕೊಂಡುಬಿಟ್ಟಿದ್ದರು. ಅಲ್ಲ ಎನ್ನಲು ನನಗೆ ಒಂದು ಉಸಿರಿನಷ್ಟು ಸಮಯ ಇತ್ತು. ಮಡಿಕೇರಿಯಿಂದ ಮೇಡಂ, ಅಲ್ಲೊಂದು ಅಂಗಡಿ ಇದೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ತೋಟದ ಮನೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ, ಮೊದಲೇ ಹೇಳಿಟ್ಟರೆ ಮಾತ್ರ ಸಿಗುತ್ತದೆ ಎಂದೂ ಸೇರಿಸಿದೆ.

ಮಾತು ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ತಲೆಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ಹೊದ್ದುಕೊಂಡು, ಸೀರೆಯ ಅಂಚು ಒದ್ದೆಯಾಗಿ, ಟವೆಲಿನಲ್ಲಿ ಸುತ್ತಿದ ಟಿಫನ್ ಕ್ಯಾರಿಯರನ್ನು ಎದೆಗೆ ಒತ್ತಿಕೊಂಡಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ. ಹೊಸ್ತಿಲ ಹೊರಗಿದ್ದ ಅಷ್ಟೊಂದು ಚಪ್ಪಲಿಗಳನ್ನು ತುಳಿಯದ ಹಾಗೆ ಜಾಗ ನೋಡಿ ಕಾಲಿಟ್ಟಿದ್ದರು.

“ನಿನ್ನೆ ಸಂದ್ಗೆ ಅಸ ಈದದೆ ಕಣ್ ಮಗ. ಗಿಣ್ಣು ಕಾಸ್ಕೊಂಡು ಬಂದೆ. ನೀನು ಕೇಳ್ತಿದ್ದಲ್ಲ, ಇವತ್ತಿಗೇ ಬೇಕು ಅಂತ.”

ನಾನು ಚೀಸು ಕೇಳಿದ್ದೆ. ಅವರ ಕಿವಿಗೆ ಅದರಲ್ಲಿ ಗಿಣ್ಣು ಎಂಬ ಮಾತೊಂದೇ ಬಿದ್ದಿತ್ತು. ಅದಕ್ಕಾಗಿ ಮಗಳು ಬೇಡವೆಂದರೂ ಕೇಳದೆ ಆ ಕಾಲಿನಲ್ಲಿ ಕಂಪಲಾಪುರದಿಂದ ಬಸ್ಸು ಹತ್ತಿ, ಬಸ್ ಸ್ಟ್ಯಾಂಡಿನಿಂದ ನಮ್ಮ ಬಡಾವಣೆಗೆ ಮಳೆಯಲ್ಲಿ ನಡೆದು ಬಂದಿದ್ದರು.

ಹೆಡ್‌ಮಿಸ್ ನನ್ನ ಕಡೆ ತಿರುಗಿ, ಇವರು ಎಂದರು.

“ನಮ್ಮ ಮನೆಯವರ ಕಡೆಯವರು ಮೇಡಂ. ಊರಿಂದ ಬಂದಿದ್ದಾರೆ.”

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಆಮೇಲೆ ಎಷ್ಟೋ ದಿನ ಆ ವಾಕ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಹೇಳುವಾಗಲೇ ಯಾಕೆ ಹಾಗೆ ಹೇಳುತ್ತಿದ್ದೇನೆಂದು ನನಗೂ ಗೊತ್ತಿತ್ತು. ಅತ್ತೆಗೂ ಗೊತ್ತಾಯಿತು.

ಹೆಡ್‌ಮಿಸ್ ಒಳ್ಳೆಯವರು. ಅವರೊಬ್ಬರೇ ಎದ್ದು ನಿಂತರು. ಬನ್ನಿ ಅಮ್ಮ, ಕೂತುಕೊಳ್ಳಿ, ಮಳೆಯಲ್ಲಿ ಬಂದಿದ್ದೀರಿ ಎಂದು ಕಾಗದದ ತಟ್ಟೆಗೆ ಒಂದು ಕೋಡುಬಳೆ, ಎರಡು ಚೂರು ಉಪ್ಪುಕಂಡ ಹಾಕಿ ಅತ್ತೆಯ ಕೈಗೆ ಕೊಟ್ಟರು. ಇದನ್ನು ತಿಂದು ನೋಡಿ, ಮಡಿಕೇರಿಯಿಂದ ತರಿಸಿದ್ದಂತೆ ಎಂದರು.

ಅತ್ತೆ ಕೂರಲಿಲ್ಲ. ಕ್ಯಾರಿಯರನ್ನು ಕಂಕುಳಿಗೆ ಸೇರಿಸಿ, ಚೂರನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ನನ್ನ ಕಡೆ ನೋಡಲಿಲ್ಲ.

“ಚೆನ್ನಾಗದೆ ಕಣವ್ವ. ಅಂಗಡಿಯೋರು ಚೆನ್ನಾಗೇ ಮಾಡವ್ರೆ. ಉಪ್ಪು ಒಂದು ಕಲ್ಲು ಜಾಸ್ತಿ ಆಗದೆ, ಅಷ್ಟೆಯ.”

ಎಲ್ಲರೂ ನಕ್ಕರು. ಅತ್ತೆಯೂ ಸ್ವಲ್ಪ ನಕ್ಕು ಅಡುಗೆಮನೆಗೆ ಹೋದರು. ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಅವರ ಹಿಂದೆ ಎದ್ದು ಹೋಗಿ ಕೈ ಹಿಡಿದು ಕರೆತರಬೇಕಿತ್ತು. ಹೋಗಲಿಲ್ಲ, ಕೂತಲ್ಲೇ ಕೂತು ಸೀಬೆಹಣ್ಣು ತಿಂದೆ. ಇನ್ನೂ ಒಂದು ಗಂಟೆ ಅವರೆಲ್ಲ ಇದ್ದರು, ನಾನೂ ನಗುತ್ತಾ ಮಾತಾಡಿದೆ. ಒಳಗಿನಿಂದ ಒಂದು ಪಾತ್ರೆಯ ಸದ್ದೂ ಬರಲಿಲ್ಲ. ಹೊರಡುವಾಗ ಹೆಡ್‌ಮಿಸ್, ಆ ಅಂಗಡಿಯಿಂದ ನನಗೂ ಒಂದು ಪ್ಯಾಕೆಟ್ ತರಿಸಿಕೊಡಿ ಎಂದರು.

ಅವರು ಹೋದ ಮೇಲೆ ಅಡುಗೆಮನೆಗೆ ಹೋದರೆ ಅತ್ತೆ ಸಣ್ಣ ಸ್ಟೂಲಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಕ್ಯಾರಿಯರು ಕಟ್ಟೆಯ ಮೇಲೆ ಟವೆಲು ಸಮೇತ ಹಾಗೇ ಇತ್ತು. ಗಿಣ್ಣು ಕೊಡೋದು ಮರೆತೇಬಿಟ್ಟೆ ಅತ್ತೆ ಎಂದೆ. ಇರ್ಲಿ ಬುಡು, ನಾಳೆ ತಿನ್ನಾನ ಎಂದರು. ಬಸ್ಸಿನ ಕುಲುಕಿಗೆ ಗಿಣ್ಣು ಒಡೆದು ನೀರು ಬಿಟ್ಟಿತ್ತು. ಫ್ರಿಜ್ಜಿನಲ್ಲಿಟ್ಟೆ. ಭಾನುವಾರ ನಮ್ಮ ಮನೆಯವರು ಒಂದು ಬಟ್ಟಲು ತಿಂದರು. ನನಗೆ ಅದನ್ನು ಬಾಯಿಗೆ ಇಡಲಾಗಲಿಲ್ಲ. ಬುಧವಾರ ಹುಳಿ ವಾಸನೆ ಬಂತೆಂದು ಪಕ್ಕದ ಮನೆಯ ದನಗಳಿಗೆ ಇಡುವ ಮುಸುರೆಗೆ ಸುರಿದೆ. ಅತ್ತೆ ಹಿಂದೆಯೇ ನಿಂತಿದ್ದರು.

“ಗಿಣ್ಣ ಮುಸುರೆಗೆ ಉಯ್ಬಾರ್ದು ಕಣವ್ವ” ಎಂದರು.

ಆ ಶನಿವಾರದ ಬಗ್ಗೆ ಅವರು ಅಂದದ್ದು ಅದೊಂದೇ. ಮಗನ ಹತ್ತಿರ ಹೇಳಲಿಲ್ಲ, ಮಗಳ ಹತ್ತಿರವೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹೆಡ್‌ಮಿಸ್ ಮರೆಯಲಿಲ್ಲ. ಎರಡು ಸಲ ಕೇಳಿದರು. ಡಬ್ಬದಲ್ಲಿ ಉಳಿದದ್ದು ಮುರುಕು ಪುಡಿ. ಆಗಸ್ಟಿನಲ್ಲಿ ಒಂದು ವಾರ ಮಳೆ ಬಿಡುವು ಕೊಟ್ಟಾಗ, ಶಾಲೆಯಲ್ಲಿ ಒಬ್ಬರು ಕೇಳುತ್ತಿದ್ದಾರೆ, ಸ್ವಲ್ಪ ಉಪ್ಪುಕಂಡ ಮಾಡಿಕೊಡುತ್ತೀರಾ ಎಂದು ಅತ್ತೆಯ ಹತ್ತಿರ ಕೇಳಿದೆ. ಇಷ್ಟು ನಾಚಿಕೆಗೆಟ್ಟು ಹೇಗೆ ಕೇಳಿದೆನೋ. ಅವರು ಯಾರು ಎಂದು ಕೇಳಲಿಲ್ಲ. ಮಗನಿಗೆ ಹೇಳಿ ತೊಡೆಯ ಬಾಡು ತರಿಸಿದರು. ಹದಿನೇಳು ಮೆಟ್ಟಿಲು ಹತ್ತಿ ಇಳಿದು ಐದು ದಿನ ಒಣಗಿಸಿದರು. ನಾನು ಅದನ್ನು ಸ್ಟೀಲ್ ಡಬ್ಬಿಗೆ ಹಾಕಲು ಹೋದಾಗ ಅವರು ತಡೆದು, ಪ್ಲಾಸ್ಟಿಕ್ ಕವರೂ ಮೇಣದ ಬತ್ತಿಯೂ ತರಲು ಹೇಳಿದರು.

“ಅಂಗಡೀದು ಅಂದ್ಮೇಲೆ ಅಂಗಡಿ ಪಾಕೀಟ್ನಂಗೇ ಇರ್ಬೇಕಲ್ವಾ ಮಗ. ಡಬ್ಬೀಲಿ ಕೊಟ್ರೆ ಗೊತ್ತಾಗ್ಬುಡ್ತದೆ.”

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿಯಲ್ಲಿ ಅಂಥದ್ದೇನೂ ಇರಲಿಲ್ಲ. ನನ್ನ ಮಾನ ಉಳಿಸುವುದು ಹೇಗೆಂದು ನಿಜವಾಗಿ ಯೋಚಿಸಿದ್ದರು. ತುಂಡುಗಳನ್ನು ಒಂದೇ ಅಳತೆಗೆ ಮುರಿದು ಜೋಡಿಸಿ, ಕವರಿನ ಬಾಯನ್ನು ಮಡಚಿ, ಉರಿಯ ಅಂಚಿಗೆ ಹಿಡಿದು ಮೆಲ್ಲಗೆ ಎಳೆದು ಅಂಟಿಸಿದರು. ಒಂದು ಕಡೆ ಸುಟ್ಟು ತೂತಾಯಿತು. ಇನ್ನೊಂದು ಕವರು ತೆಗೆದುಕೊಂಡು ಮತ್ತೆ ಮಾಡಿದರು. ನಾನು ಪಕ್ಕದಲ್ಲಿ ಕೂತು ಮೇಣದ ಬತ್ತಿ ಹಿಡಿದಿದ್ದೆ. ಆಗಲೂ ಕ್ಷಮಿಸಿ ಎನ್ನಲಿಲ್ಲ.

ಮಾರನೆಯ ದಿನ ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿ ಹೆಡ್‌ಮಿಸ್ಸಿಗೆ ಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಪ್ಯಾಕೆಟ್ಟು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. ಇದರ ಮೇಲೆ ಅಂಗಡಿಯ ಹೆಸರೇ ಇಲ್ಲವಲ್ಲ, ದಸರಾ ರಜೆಯಲ್ಲಿ ನಾವು ಮಡಿಕೇರಿಗೆ ಹೋಗುತ್ತಿದ್ದೇವೆ, ಯಾವ ರಸ್ತೆಯಲ್ಲಿದೆ ಹೇಳಿ, ನಾನೇ ಹೋಗಿ ನೋಡುತ್ತೇನೆ ಎಂದರು. ಅವತ್ತು ಮನೆಗೆ ಬಂದಿದ್ದ ಉಳಿದ ನಾಲ್ವರೂ ಅಲ್ಲೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

ಇಲ್ಲಿ ನಾನು ಧೈರ್ಯ ಮಾಡಿ ನಿಜ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಮಡಿಕೇರಿಯ ಒಂದು ರಸ್ತೆಯ ಹೆಸರೂ ಆ ಹೊತ್ತಿಗೆ ನನ್ನ ಬಾಯಿಗೆ ಬರಲಿಲ್ಲ. ಬಂದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅಂಗಡಿ ಇಲ್ಲ ಮೇಡಂ ಎಂದೆ. ನಮ್ಮ ಅತ್ತೆ ಮಾಡಿದ್ದು, ಅವತ್ತಿನದೂ ಅವರೇ ಮಾಡಿದ್ದು ಎಂದೆ.

ಅವರಿಗೆ ಮೊದಲು ನಗು ಬಂತು. ಅಯ್ಯೋ, ಅದನ್ನು ಮುಚ್ಚಿಡುವುದು ಯಾಕೆ ಎಂದರು. ಆಮೇಲೆ ಏನೋ ನೆನಪಾದವರ ಹಾಗೆ ನಿಂತರು.

“ಅವತ್ತು ಮಳೇಲಿ ಬಂದ್ರಲ್ಲ. ಅವರಾ?”

“ಹೌದು ಮೇಡಂ.”

“ನಾನು ಅವರ ಕೈಗೇ ಕೊಟ್ಟು, ತಿಂದು ನೋಡಿ ಅಂದೆ.”

ಅವರ ಮುಖ ಕೆಂಪಾಯಿತು. ನನ್ನ ಸುಳ್ಳಿಗೆ ಅವರನ್ನೂ ಪಾಲುದಾರರನ್ನಾಗಿ ಮಾಡಿದ್ದೆ. ಅವರು ಪ್ಯಾಕೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಅವರ ನಡವಳಿಕೆ ಬದಲಾಯಿತು ಎನ್ನಲಾರೆ, ಆದರೆ ಆಮೇಲೆ ನನ್ನನ್ನು ಕಾಫಿಗೆ ಕರೆದದ್ದು ನೆನಪಿಲ್ಲ. ನಾನು ಯಾರ ಮೂಗಿಗೆ ಹೆದರಿ ಸೌತೆಕಾಯಿಯ ಗೋಡೆ ಕಟ್ಟಿದ್ದೆನೋ, ಆ ಕನ್ನಡ ಟೀಚರು ಮೊಸರನ್ನ ಕಲಸುತ್ತಾ, ತಮ್ಮ ಅತ್ತೆಯನ್ನು ತಾವು ಹಾಗೆ ಊರಿಂದ ಬಂದವರು ಎಂದಿದ್ದರೆ ಅವರು ಜನ್ಮದಲ್ಲಿ ತಮ್ಮ ಕೈ ನೀರು ಮುಟ್ಟುತ್ತಿರಲಿಲ್ಲ ಎಂದರು. ಬೈಯುವ ಹಾಗೆ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ನನಗೆ ಆ ಮಧ್ಯಾಹ್ನ ಡಬ್ಬಿ ಬಿಚ್ಚಲಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ತಾರಸಿಯ ಮೇಲೆ ಬಟ್ಟೆ ಎತ್ತುತ್ತಿದ್ದರು. ನಾನೂ ಹತ್ತಿ ಹೋದೆ. ಶಾಲೆಯಲ್ಲಿ ಎಲ್ಲ ಹೇಳಿಬಿಟ್ಟೆ ಅತ್ತೆ, ತಪ್ಪಾಯಿತು ಎಂದೆ. ಅಳು ಬಂತು. ಅವರು ಒಂದು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

“ಬಾಡು ಅಂಗಡೀದು ಅಂದೆ, ಅದು ಓಗ್ಲಿ. ತಿಂದ್ರಲ್ಲ, ಸಾಕು. ನನ್ನ ನೋಡಿ ಊರಿಂದ ಬಂದವ್ರೆ ಅಂದ್ಯಲ್ಲ ಮಗ. ಆ ಗಳಿಗೆ ನಂಗೆ ಇಂಗೇ ತಿರುಗ್ಕೊಂಡು ಬಸ್ ಸ್ಟ್ಯಾಂಡಿಗೆ ಓಗ್ಬುಡಾನ ಅನ್ನಿಸ್ತು. ಗಿಣ್ಣು ಇತ್ತಲ್ಲ ಕೈಲಿ, ಅದ್ಕೆ ಒಳಕ್ಕೆ ಬಂದೆ.”

ನಾನು ಏನೋ ಹೇಳಲು ಹೋದೆ. ಅವರು, ಆಯ್ತು ಬುಡು, ಮೋಡ ಆಯ್ತದೆ, ಆ ಕಡೆ ಸೀರೆ ತಕ್ಕೊ ಎಂದರು. ಇಬ್ಬರೂ ಸೇರಿ ಬಟ್ಟೆ ಇಳಿಸಿದೆವು. ಮೆಟ್ಟಿಲು ಇಳಿಯುವಾಗ ಅವರು ನನ್ನ ತೋಳು ಹಿಡಿದುಕೊಂಡರು. ಅದು ಮಂಡಿನೋವಿಗೆ ಹಿಡಿದದ್ದು. ಅದಕ್ಕಿಂತ ಹೆಚ್ಚಿನದು ಅದರಲ್ಲಿತ್ತು ಎನ್ನಲು ನನಗೆ ಬಾಯಿಲ್ಲ.

ಆಮೇಲೂ ನಾವು ಚೆನ್ನಾಗಿಯೇ ಇದ್ದೇವೆ. ಈ ಯುಗಾದಿಗೂ ಅವರು ಉಪ್ಪುಕಂಡ ಮಾಡಿದರು. ಮೆಟ್ಟಿಲು ಹತ್ತುವ ಕೆಲಸ ಈಗ ನನ್ನದು. ಯಾರು ಬಂದರೂ, ಗ್ಯಾಸಿನವನು ಬಂದರೂ, ಇವರು ನಮ್ಮ ಅತ್ತೆ ಎಂದು ಬೇಕಿರಲಿ ಬೇಡದಿರಲಿ ಹೇಳುತ್ತೇನೆ. ನಮ್ಮ ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಆದರೆ ಗೇಟಿನ ಸದ್ದಾಗಿ, ಹಜಾರದಲ್ಲಿ ಹೊಸ ದನಿ ಕೇಳಿಸಿದರೆ ಅತ್ತೆ ಎದ್ದು ಅಡುಗೆಮನೆಯ ಹಿಂದಿನ ಕೋಣೆಗೆ ಹೋಗುತ್ತಾರೆ. ನಾನು ಹೋಗಿ ಕರೆಯುತ್ತೇನೆ. ಯಾರು ಬಂದವ್ರೆ ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ. ನೆಂಟರೆಂದರೆ ಬರುತ್ತಾರೆ. ಶಾಲೆಯವರು ಎಂದರೆ, ಸೆರಗು ಸರಿಮಾಡಿಕೊಂಡು, ನೀನು ಮಾತಾಡು ಓಗು ಮಗ, ನಂಗೆ ಕಾಲು ಇಡ್ಕೊಂಡದೆ ಎನ್ನುತ್ತಾರೆ. ಹೋದ ವಾರವೂ ಹಾಗೇ ಅಂದರು. ನಾನು ಕೈ ಹಿಡಿದು ಎಬ್ಬಿಸಿದೆ. ಬ್ಯಾಡ ಕಣವ್ವ ಎಂದು ಮೆಲ್ಲಗೆ ಕೈ ಬಿಡಿಸಿಕೊಂಡರು.